ಮನೆಯಳಿಯನ ಮೂರು ಸ್ನಾನ

ಹಾಲಿನ ಡೇರಿಯಿಂದ ಎರಡನೇ ಕಾಗದ ಬಂದಾಗ ಸೊಸೆ ಗಂಬೂಟು ಹಾಕಿಕೊಂಡು ಕೊಟ್ಟಿಗೆಯ ನೆಲ ತೊಳೆಯುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತ ರೀತಿಯಿಂದಲೇ ಅವಳಿಗೆ ವಿಷಯ ತಿಳಿಯಿತು. ಒಳ್ಳೆಯ ಸುದ್ದಿಯಾದರೆ ಆ ಮನುಷ್ಯ ಅರ್ಧ ದಾರಿಯಿಂದಲೇ ಕೂಗುತ್ತಾ ಬರುವವನು. ಕೆಟ್ಟ ಸುದ್ದಿಯಾದರೆ ಬಾಗಿಲ ಚೌಕಟ್ಟಿಗೆ ಒರಗಿ, ಯಾರಾದರೂ ಕೇಳಲಿ ಎಂದು ಕಾಯುವವನು. ಅವಳು ಕೇಳಲಿಲ್ಲ. ನೀರು ನಿಲ್ಲಿಸಿ, ಕೈ ಒರೆಸಿಕೊಂಡು, ಕಾಗದ ಕಿತ್ತುಕೊಂಡು ಓದಿದಳು. ಹಾಲಿನಲ್ಲಿ ಬ್ಯಾಕ್ಟೀರಿಯಾ ಮಿತಿಗಿಂತ ಎರಡೂವರೆ ಪಟ್ಟು ಹೆಚ್ಚಿದೆ. ಸತತವಾಗಿ ಇದು ಎರಡನೇ ಸಲ. ಮುಂದಿನ ವಾರ ಗುರುವಾರ, ಅಂದರೆ ಇನ್ನು ಒಂಬತ್ತು ದಿನಕ್ಕೆ, ಮೂರನೇ ಮಾದರಿ ತೆಗೆಯುತ್ತಾರೆ. ಅದೂ ಕೆಟ್ಟರೆ ಹಾಲಿನ ಟ್ಯಾಂಕರು ಇನ್ನು ಇವರ ಗೇಟಿನ ಮುಂದೆ ನಿಲ್ಲುವುದಿಲ್ಲ.

ನಿಲ್ಲದಿದ್ದರೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಐವತ್ತೆರಡು ಹಸುಗಳನ್ನು ಕರೆಯಲು ಇದ್ದದ್ದು ಒಂದೇ ಯಂತ್ರ. ಅದನ್ನು ಬಿಟ್ಟರೆ ಮೂರು ಜೊತೆ ಕೈ, ಮೂರೂ ಕರೆಯುವ ಕೆಲಸಕ್ಕೆ ಬಾರದವು. ಗಂಡನಿಗೆ ಆ ವಿದ್ಯೆ ಹುಟ್ಟಿನಿಂದಲೇ ಒಲಿದಿಲ್ಲ. ಅವನು ಪಕ್ಕದಲ್ಲಿ ಕೂತರೆ ಸಾಧುವೆಂದು ಹೆಸರಾದ ಹಸುವೂ ಒದೆಯುತ್ತದೆ. ಮಾವನಿಗೆ ಎಪ್ಪತ್ನಾಲ್ಕಾಯಿತು, ಮಂಡಿ ಸವೆದಿದೆ, ಕೂತರೆ ಗೋಡೆ ಹಿಡಿದೇ ಏಳಬೇಕು. ಇನ್ನು ಸೊಸೆಯ ಕೈ. ಹದಿನೆಂಟು ವರ್ಷ ದಿನಕ್ಕೆರಡು ಹೊತ್ತು ಕರೆದೂ ಕರೆದೂ ಅವಳ ಮಣಿಕಟ್ಟಿನ ನರ ಜಜ್ಜಿಹೋಗಿತ್ತು. ಎರಡು ಸಲ ಶಸ್ತ್ರಚಿಕಿತ್ಸೆಯಾಗಿ ನೋವೇನೋ ಹೋಯಿತು, ಜೊತೆಗೆ ಬೆರಳ ತುದಿಗಳ ಸ್ಪರ್ಶವೂ ಹೋಯಿತು. ಮತ್ತೆ ಹಾಲು ಕರೆಯಲು ಕೂತರೆ ಕೈ ಬರೀ ಅಲಂಕಾರಕ್ಕೆ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಮೇಲೆ ತಂದದ್ದು ಈ ಯಂತ್ರ, ಅದೂ ಅವಳ ಹಟದಿಂದ. ಅದರ ಹಾಲು ಬೇಡವೆಂದರೆ ಕೊಟ್ಟಿಗೆ ಖಾಲಿ ಮಾಡುವುದೊಂದೇ ದಾರಿ. ತಾನೇ ಬಾಟಲಿ ಹಿಡಿದು ಬೆಳೆಸಿದ ಹಸುಗಳನ್ನು ಒಂದೊಂದಾಗಿ ಲಾರಿ ಹತ್ತಿಸಬೇಕು.

ಕಾಗದ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಅವಳು ಗಂಡನಿಗೆ ಹೇಳಿದ್ದು ಇಷ್ಟೇ. "ಒಂಬತ್ತು ದಿನ ಇದೆ. ತಲೆ ಮೇಲೆ ಕೈ ಹೊತ್ತು ಕೂರೋ ಹಾಗಿದ್ರೆ ಮನೆ ಒಳಗೆ ಹೋಗಿ ಕೂರಿ, ಇಲ್ಲಿ ನೆಲ ಒದ್ದೆ ಇದೆ."

ಯಂತ್ರ ಬಂದ ದಿನವೇ ಮಾವ ಅದಕ್ಕೆ ಮನೆಯಳಿಯ ಎಂದು ಹೆಸರಿಟ್ಟಿದ್ದರು. ಹೆಸರೇನೋ ತಕ್ಕದ್ದೇ. ಕೊಟ್ಟಿಗೆಯ ನಟ್ಟನಡುವೆ ತನಗೇ ಒಂದು ಕೋಣೆ ಮಾಡಿಸಿಕೊಂಡು ಕೂತಿದ್ದಾನೆ, ಯಾರೂ ಗದರುವಂತಿಲ್ಲ, ದಿನಕ್ಕೆ ಮೂರು ಹೊತ್ತು ಬಿಸಿನೀರಿನ ಸ್ನಾನವಾಗಬೇಕು, ಸ್ವಲ್ಪ ಹೆಚ್ಚುಕಡಿಮೆಯಾದರೆ ಮುಖ ಕೆಂಪಗೆ ಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಅರಚುತ್ತಾನೆ. ಕೆಲಸ ಮಾತ್ರ ಅಚ್ಚುಕಟ್ಟು. ಹಸು ತನಗೆ ಬೇಕೆನಿಸಿದಾಗ ತಾನಾಗಿಯೇ ಬಂದು ಕಟಕಟೆಯೊಳಗೆ ನಿಲ್ಲುತ್ತದೆ, ಬಾಯಿಯ ಮುಂದೆ ಹಿಂಡಿ ಬೀಳುತ್ತದೆ. ಕೆಳಗಿನಿಂದ ಉದ್ದನೆಯ ತೋಳು ಚಾಚಿ ಬಂದು, ಬ್ರಷ್ಷಿನಿಂದ ಕೆಚ್ಚಲು ಒರೆಸಿ, ಕೆಂಪು ಬೆಳಕಿನ ಕಣ್ಣಿನಿಂದ ತೊಟ್ಟುಗಳನ್ನು ಹುಡುಕಿ, ಒಳಗೆ ರಬ್ಬರಿರುವ ನಾಲ್ಕು ಬಟ್ಟಲುಗಳನ್ನು ಒಂದೊಂದಾಗಿ ತೊಡಿಸುತ್ತದೆ. ಹಾಲು ಪೈಪಿನಲ್ಲಿ ಓಡಿ, ಸೋಸುವ ಚೀಲವನ್ನು ಹಾದು, ತಣ್ಣನೆಯ ತೊಟ್ಟಿ ಸೇರುತ್ತದೆ. ಮನುಷ್ಯನ ಕೈ ಎಲ್ಲಿಯೂ ತಾಗುವುದೇ ಇಲ್ಲ ಎಂದು ಮಾರಲು ಬಂದವನು ಎದೆಯುಬ್ಬಿಸಿ ಹೇಳಿದ್ದ. ತಾಗದ ಕೈಗೆ ಎಷ್ಟೊಂದು ಕೆಲಸ ಎಂಬುದನ್ನು ಮಾತ್ರ ನುಂಗಿಕೊಂಡಿದ್ದ.

ಆ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಸೊಸೆ. ಯಂತ್ರ ಪೈಪಿನ ಒಳಗನ್ನು ತಾನೇ ತೊಳೆದುಕೊಳ್ಳುತ್ತದೆ, ನಿಜ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಸೋಪಿನ ಕ್ಷಾರ ಬೆರೆತ ಸುಡುನೀರು, ಮತ್ತೆ ತಣ್ಣೀರು. ದಿನಕ್ಕೊಮ್ಮೆ ಕ್ಷಾರದ ಬದಲು ಆಮ್ಲ. ಆದರೆ ಯಂತ್ರ ತನ್ನ ಬೆನ್ನು ತಾನು ಉಜ್ಜಿಕೊಳ್ಳಲಾರದು. ತೋಳಿಗೆ ಸಗಣಿ ಮೆತ್ತಿದರೆ ಅದನ್ನು ತಿಕ್ಕಬೇಕು. ಕಣ್ಣಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಗೀರು ಬಿದ್ದರೆ ತೊಟ್ಟು ಕಾಣದೆ ಅದು ಗಾಳಿಯಲ್ಲಿ ತಡಕಾಡುತ್ತದೆ. ಸೋಸುವ ಚೀಲ ಬದಲಿಸಬೇಕು, ಬ್ರಷ್ಷುಗಳನ್ನು ಬಿಚ್ಚಿ ನೆನೆಹಾಕಬೇಕು, ಬಟ್ಟಲುಗಳನ್ನು ತಿರುಗಿಸಿ ನೋಡಬೇಕು. ಇವೆಲ್ಲವನ್ನೂ ಅವಳು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಗೆರೆ ಎಳೆಯುತ್ತಾ ಬಂದಿದ್ದಳು. ಪಟ್ಟಣದ ಹಾಸ್ಟೆಲಿನಲ್ಲಿರುವ ಮಗಳ ಪರೀಕ್ಷೆಯ ದಿನ ಅವಳಿಗೆ ಶುಭವಾಗಲಿ ಎನ್ನುವುದನ್ನು ಮರೆತಿದ್ದಾಳೆ, ಚೀಲ ಬದಲಿಸುವುದನ್ನು ಮರೆತಿಲ್ಲ. ಅಂಥವಳ ಹಾಲು ಎರಡು ಸಲ ಕೊಳಕೆನಿಸಿಕೊಂಡಿತ್ತು. ಅವಮಾನದಿಂದ ಅವಳ ಮೈ ಉರಿಯುತ್ತಿತ್ತು.

ಯಂತ್ರದ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು. ಆ ಪುಣ್ಯಾತ್ಮನಿಗೆ ಅವರ ಮನೆಯಲ್ಲಿ ಆಫ್-ಆನ್ ಎಂದೇ ಹೆಸರು, ಯಾವ ರೋಗ ಹೇಳಿದರೂ ಅವನದು ಒಂದೇ ಮದ್ದು. ಈ ಸಲವೂ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡಿ ಎಂದ. ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಕೇಳಿದ. ಎಲ್ಲವೂ ಹಸಿರು, ಮೂರೂ ಸ್ನಾನ ಸರಿಯಾಗಿ ಮುಗಿದಿವೆ ಎಂದು ತೋರಿಸುತ್ತಿದೆ ಎಂದಳು. ಹಸಿರಿದ್ದ ಮೇಲೆ ಯಂತ್ರದ ತಪ್ಪಿಲ್ಲಮ್ಮ, ನಿಮ್ಮ ಕಡೆಯದೇ ಏನೋ ಇರಬೇಕು ಎಂದು ಇಟ್ಟುಬಿಟ್ಟ. ಮಾತು ಕಹಿಯಾಗಿತ್ತು. ಅದೇ ನಿಜ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವಳು ಟೊಂಕ ಕಟ್ಟಿ ನಿಂತಳು. ಹಾಲು ಕೆಟ್ಟದ್ದು ಚಳಿ ಶುರುವಾದ ಮೇಲೆ, ಆದ್ದರಿಂದ ಬಿಸಿನೀರು ದಾರಿಯಲ್ಲೇ ಆರುತ್ತಿರಬೇಕು ಎಂದು ಲೆಕ್ಕ ಹಾಕಿ, ನೀರು ಪೈಪಿನ ಕೊನೆಯಿಂದ ಹೊರಬೀಳುವ ಕಡೆ ಥರ್ಮಾಮೀಟರು ಹಿಡಿದು ಕೂತಳು. ನೀರು ಸುಡುತ್ತಲೇ ಇತ್ತು. ಆದರೂ ಬಿಡದೆ ಮನೆಯ ಹಳೆಯ ಕಂಬಳಿಗಳನ್ನು ಹರಿದು ಪೈಪಿಗೆಲ್ಲ ಸುತ್ತಿದಳು. ಕಾಲು ಮುರಿದವನ ಪಟ್ಟಿಯ ಹಾಗೆ ಕಾಣುತ್ತಿತ್ತು. ಕ್ಷಾರದ ಕ್ಯಾನಿನಿಂದ ಎಷ್ಟು ಎಳೆಯುತ್ತಿದೆ ಎಂದು ಅಳೆದಳು. ತೊಟ್ಟಿಯ ತಂಪು ನೋಡಿದಳು. ನೀರಿನ ಪರೀಕ್ಷೆ ಮಾಡಿಸಿದಳು. ಎಲ್ಲವೂ ಸರಿ. ಬಟ್ಟಲುಗಳ ಒಳಗೆ ಟಾರ್ಚು ಬಿಟ್ಟು ನೋಡಿದರೆ ಅವು ಮದುಮಗಳ ಕೆನ್ನೆಯಂತೆ ಮಿನುಗುತ್ತಿದ್ದವು. ಹಾಗೆ ಮಿನುಗಬಾರದು ಎಂಬ ಅನುಮಾನ ಒಂದು ಗಳಿಗೆ ಬಂದದ್ದುಂಟು. ಆದರೆ ಬೆರಳಿಟ್ಟು ನೋಡಿದರೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ, ಬೆರಳು ಮಾತು ನಿಲ್ಲಿಸಿ ಮೂರು ವರ್ಷವಾಗಿತ್ತು.

ಈ ಗಡಿಬಿಡಿಯನ್ನೆಲ್ಲ ಮಾವ ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಐವತ್ತು ವರ್ಷ ಹಸು ಕರೆದ ಮನುಷ್ಯ. ಯಂತ್ರ ಬಂದ ಮೇಲೆ ಅವರಿಗೆ ಕೊಟ್ಟಿಗೆಯಲ್ಲಿ ಏನೂ ಕೆಲಸವಿಲ್ಲ, ಆ ಯಂತ್ರವನ್ನು ಜಪ್ಪಯ್ಯ ಅಂದರೂ ಮುಟ್ಟುವುದಿಲ್ಲ ಎಂದು ಶಪಥ ಬೇರೆ ಮಾಡಿದ್ದರು. ಕಾಗದದ ಸುದ್ದಿ ಕೇಳಿ ಕೈಯಲ್ಲಿ ಕರೆದಿದ್ದರೆ ಹೀಗಾಗುತ್ತಿತ್ತೇ ಎಂದು ಗಾಯದ ಮೇಲೆ ಬರೆ ಎಳೆದಿದ್ದರು. ಸೊಸೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಶನಿವಾರ, ಬೇರೆ ಏನೂ ತೋಚದೆ, ಅವಳು ಯಂತ್ರದ ಪರದೆಯಲ್ಲಿ ಎಂದೂ ತೆರೆಯದ ಪುಟಗಳನ್ನೆಲ್ಲ ಒಂದೊಂದಾಗಿ ತೆರೆಯತೊಡಗಿದಳು. ಯಾವ ಹಸು ಎಷ್ಟು ಮೇಯಿತು, ಯಾವ ಹಸು ಎಷ್ಟು ಹೊತ್ತು ನಿಂತಿತು, ತೋಳಿಗೆ ಎಷ್ಟು ಸಲ ಎಣ್ಣೆ ಬಿತ್ತು. ಹನ್ನೊಂದನೇ ಪುಟದಲ್ಲಿ ಯಂತ್ರವನ್ನು ಕೈಯಾರೆ ನಿಲ್ಲಿಸಿದ ಸಮಯಗಳ ಪಟ್ಟಿಯಿತ್ತು. ಬೆಳಗ್ಗೆ ಅವಳು ತೊಳೆಯಲು ನಿಲ್ಲಿಸಿದ್ದು, ಸಂಜೆ ಚೀಲ ಬದಲಿಸಲು ನಿಲ್ಲಿಸಿದ್ದು. ಇವೆರಡರ ನಡುವೆ ಇನ್ನೊಂದು ಸಾಲು ಪ್ರತಿದಿನವೂ ಇತ್ತು: ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸು, ಆರೇಳು ನಿಮಿಷ. ಐದು ವಾರದಿಂದ ಒಂದು ದಿನವೂ ತಪ್ಪಿಲ್ಲ.

ಗಂಡನನ್ನು ಕೇಳಿದಳು. ಅವನು ಆ ಹೊತ್ತಿನಲ್ಲಿ ಹೊಲದಲ್ಲಿರುತ್ತಾನೆ. ಒಂದೆರಡು ಸಲ ಟ್ರ್ಯಾಕ್ಟರು ತರಲು ಬಂದಾಗ ಯಂತ್ರ ನಿಂತಿದ್ದನ್ನು ನೋಡಿ ಅವಳೇ ನಿಲ್ಲಿಸಿದ್ದಾಳೆ ಅಂದುಕೊಂಡನಂತೆ. ಅವಳು ಆ ಹೊತ್ತಿನಲ್ಲಿ ಮನೆಯೊಳಗೆ ಕೈಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟುಕೊಂಡು ಕೂತಿರುತ್ತಾಳೆ, ಡಾಕ್ಟರು ಹೇಳಿದ ವ್ಯಾಯಾಮ. ಸದ್ದು ನಿಂತಿದ್ದು ಕೇಳಿದಾಗ ಅವಳು ಗಂಡನೇ ನಿಲ್ಲಿಸಿರಬೇಕು ಅಂದುಕೊಂಡಿದ್ದಳು. ಗಂಡಹೆಂಡಿರು ಒಬ್ಬರ ಮೇಲೊಬ್ಬರು ಇಷ್ಟೊಂದು ನಂಬಿಕೆ ಇಡುವುದೂ ಒಳ್ಳೆಯದಲ್ಲ.

ಭಾನುವಾರ ಮಧ್ಯಾಹ್ನ ಅವಳು ಹುಲ್ಲಿನ ಕಟ್ಟುಗಳ ಹಿಂದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಎರಡು ಗಂಟೆ ಮೂವತ್ತೆಂಟಕ್ಕೆ ಊರುಗೋಲಿನ ಸದ್ದು ಕೇಳಿಸಿತು. ಮಾವ ಬಂದರು. ಮುಟ್ಟುವುದಿಲ್ಲವೆಂದು ಶಪಥ ಮಾಡಿದ ಯಂತ್ರದ ಹತ್ತಿರ ಸೀದಾ ಹೋಗಿ, ಅದರ ಜೊತೆಯಲ್ಲೇ ಹುಟ್ಟಿ ಬೆಳೆದವರ ಹಾಗೆ ಕೆಂಪು ಗುಂಡಿ ಒತ್ತಿದರು. ತೋಳು ನಿಂತಿತು. ಬಕೆಟ್ಟು ಕವುಚಿ ಹಾಕಿ ಅದರ ಮೇಲೆ ಕೂತರು. ಒಳ ಅಂಗಿಯ ಜೇಬಿನಿಂದ ಗಂಟಲು ಮಿಠಾಯಿಯ ಹಳೆಯ ತಗಡಿನ ಡಬ್ಬಿ ತೆಗೆದು, ಎರಡು ಬೆರಳು ಅದ್ದಿ, ನಾಲ್ಕು ಬಟ್ಟಲುಗಳ ಬಾಯಿಗೂ ಒಳಗಿನ ಅಂಚಿಗೂ ನಿಧಾನವಾಗಿ, ಪ್ರೀತಿಯಿಂದ, ಸುತ್ತಲೂ ಸವರಿದರು. ಡಬ್ಬಿಯಲ್ಲಿದ್ದದ್ದು ಬೆಣ್ಣೆ.

ಸೊಸೆಗೆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಕೈಯಲ್ಲಿ ಕರೆಯುವವರು ಕೂರುವ ಮೊದಲು ಬೆರಳಿಗೆ ಬೆಣ್ಣೆ ಸವರಿಕೊಳ್ಳುತ್ತಾರೆ, ತೊಟ್ಟು ಒಡೆಯದಿರಲಿ ಎಂದು. ಅವಳಿಗೂ ಅದನ್ನು ಕಲಿಸಿದ್ದು ಈ ಮಾವನೇ. ಯಂತ್ರಕ್ಕೆ ಬೆರಳಿಲ್ಲ, ಆದ್ದರಿಂದ ಅವರು ಅದರ ಬಟ್ಟಲಿಗೆ ಹಚ್ಚುತ್ತಿದ್ದಾರೆ. ಕೈಯ ಬೆಣ್ಣೆಯನ್ನು ಕರೆದಾದ ಮೇಲೆ ತೊಳೆಯಬಹುದು. ರಬ್ಬರು ಬೆಣ್ಣೆಯನ್ನು ಕುಡಿಯುತ್ತದೆ, ಉಬ್ಬುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಬೆಣ್ಣೆ ಕೂತು ಹಳಸುತ್ತದೆ. ಮೂರು ಸ್ನಾನವಲ್ಲ, ಮೂವತ್ತು ಸ್ನಾನ ಮಾಡಿಸಿದರೂ ಮರುದಿನ ಎರಡು ನಲವತ್ತಕ್ಕೆ ಮತ್ತೆ ಹೊಸದು.

ಅವಳು ಹುಲ್ಲಿನ ಹಿಂದಿನಿಂದ ಎದ್ದು ಬಂದು, ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಮಾವ ಬೆಚ್ಚಲಿಲ್ಲ.

"ಕಾಣಲ್ವಾ? ಚಳಿಗೆ ರಬ್ಬರು ಕಲ್ಲಿನ ಥರ ಆಗಿದೆ. ಅದು ತಾಗಿದ ತಕ್ಷಣ ಒಂಟಿಕಿವಿ ಬೆಚ್ಚಿ ಬೀಳ್ತಾಳೆ. ಇದಕ್ಕೆ ಎಷ್ಟೇ ಕಣ್ಣಿರಲಿ, ಅದು ಗೊತ್ತಾಗಲ್ಲ. ನನಗೆ ಗೊತ್ತಾಗತ್ತೆ."

ಒಂಟಿಕಿವಿ ಎಂದರೆ ಕರುವಾಗಿದ್ದಾಗ ನಾಯಿ ಕಚ್ಚಿ ಒಂದು ಕಿವಿ ಕಳೆದುಕೊಂಡ ಹಸು, ಮಾವನ ಮುದ್ದು. ಸೊಸೆಗೆ ಪಾಪ ಎನಿಸಿತು. ಆದರೆ ಅದಕ್ಕಿಂತ ಹೆಚ್ಚಾಗಿ ಪಿತ್ತ ನೆತ್ತಿಗೇರಿತ್ತು. ಐದು ದಿನ ಅವಳು ಪೈಪಿಗೆ ಕಂಬಳಿ ಸುತ್ತುತ್ತಿದ್ದಾಗ ಈ ಮನುಷ್ಯ ಬಿಸಿಲು ಕಾಯಿಸಿಕೊಳ್ಳುತ್ತಾ ನೋಡುತ್ತಿದ್ದರಲ್ಲ.

"ಹಾಲು ಕೆಡ್ತಾ ಇರೋದು ಈ ಬೆಣ್ಣೆಯಿಂದ, ಮಾವ," ಎಂದಳು. "ರಬ್ಬರಿನೊಳಗೆ ಕೂತು ಹಳಸ್ತಾ ಇದೆ. ಇನ್ನೊಂದು ಸಲ ಕೆಟ್ರೆ ಇವೆಲ್ಲ ಲಾರಿ ಹತ್ತತ್ವೆ. ಒಂಟಿಕಿವೀನೂ ಹತ್ತತ್ತೆ. ಹತ್ತಿಸೋದು ನಾನಲ್ಲ, ನೀವು."

ಮಾವ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಕಟಕಟೆಯ ಕಂಬಿ ಹಿಡಿದು ಎದ್ದರು. "ಐವತ್ತು ವರ್ಷ ಕರೆದಿದೀನಿ. ನನ್ನ ಕೈಯಿಂದ ಹೋದ ಹಾಲು ಒಂದು ದಿನ ವಾಪಸ್ ಬಂದಿಲ್ಲ," ಎಂದರು. ಡಬ್ಬಿಯನ್ನು ಕಂಬಿಯ ಮೇಲಿಟ್ಟು ಹೊರಟುಹೋದರು, ಗುಂಡಿ ಒತ್ತಿ ಯಂತ್ರವನ್ನು ಮತ್ತೆ ಚಾಲೂ ಮಾಡುವುದನ್ನು ಮಾತ್ರ ಮರೆಯಲಿಲ್ಲ.

ರಾತ್ರಿಯ ಊಟಕ್ಕೆ ಅವರು ಕೋಣೆಯಿಂದ ಬರಲಿಲ್ಲ. ಮರುದಿನ ಬೆಳಗ್ಗೆ ಅಂಗಳದ ಕುರ್ಚಿಯೂ ಖಾಲಿಯಿತ್ತು. ಗಂಡ ಎಲ್ಲಿಂದಲೋ ಒಂದು ದೊಡ್ಡ ಬೀಗ ಹುಡುಕಿ ತಂದ. ಅಪ್ಪನಿಗೆ ಹೇಳಿ ಪ್ರಯೋಜನವಿಲ್ಲ, ಯಂತ್ರದ ಕೋಣೆಗೆ ಜಡಿದುಬಿಡೋಣ ಎಂದು ಅವನ ಸಲಹೆ. ಸಮಸ್ಯೆಯನ್ನು ಬಾಗಿಲ ಆಚೆ ನಿಲ್ಲಿಸುವುದರಲ್ಲಿ ಆ ಮನುಷ್ಯ ಎತ್ತಿದ ಕೈ. ಸೊಸೆ ಬೀಗವನ್ನು ವಾಪಸ್ ಅವನ ಕೈಗೇ ಕೊಟ್ಟಳು. ಆ ಕೊಟ್ಟಿಗೆಯ ಒಂದೊಂದು ಕಂಬವನ್ನೂ ಹೊತ್ತು ತಂದು ನೆಟ್ಟ ಮನುಷ್ಯನನ್ನು ಹೊರಗಿಟ್ಟು ಬೀಗ ಹಾಕಲು ತನ್ನಿಂದಾಗುವುದಿಲ್ಲ ಎಂದಳು. ತಾನು ಆಡಿದ ಮಾತು ಹೆಚ್ಚಾಯಿತೆಂದು ಅವಳಿಗೆ ಗೊತ್ತಿತ್ತು, ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಆದರೆ ಮಾತು ಸುಳ್ಳಾಗಿರಲಿಲ್ಲ. ಸುಳ್ಳಲ್ಲದ ಮಾತಿಗೆ ಕ್ಷಮೆ ಕೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ತೊಳೆಯುವ ಕೆಲಸ ಒಂದೇ.

ಸೋಮವಾರ ಇಡೀ ದಿನ ಅವಳು ಅದನ್ನೇ ಮಾಡಿದಳು. ಕಪಾಟಿನಲ್ಲಿದ್ದ ಹೊಸ ರಬ್ಬರುಗಳನ್ನು ಹಾಕಿ, ಹಳೆಯವನ್ನು ಬಕೆಟ್ಟಿಗೆ ಎಸೆದಳು. ಕ್ಷಾರದ ಸುಡುನೀರನ್ನು ಒಂದರ ಮೇಲೊಂದು ಮೂರು ಸಲ ಹರಿಸಿದಳು. ಹಸುಗಳು ಸಾಲುಗಟ್ಟಿ ನಿಂತು, ತಮ್ಮ ಹೊತ್ತು ಮೀರಿತೆಂದು ಅಂಬಾ ಎಂದು ಜಗಳಕ್ಕೆ ಬಂದವು. ಪರದೆ ಹಸಿರಾಯಿತು. ಟಾರ್ಚು ಬಿಟ್ಟರೆ ಎಲ್ಲವೂ ಫಳಫಳ. ಆದರೂ ಅವಳಿಗೆ ಸಮಾಧಾನವಿಲ್ಲ, ಹಿಂದೆ ಎರಡು ಸಲವೂ ಹೀಗೇ ಹಸಿರಿತ್ತು, ಹೀಗೇ ಫಳಫಳ ಇತ್ತು.

ಮಂಗಳವಾರ ಬೆಳಗ್ಗೆ ಮಾವ ಕೊಟ್ಟಿಗೆಗೆ ಬಂದರು. ಯಾರನ್ನೂ ನೋಡಲಿಲ್ಲ. ಸೀದಾ ಹೋಗಿ ಬಕೆಟ್ಟಿನಿಂದ ಒಂದು ಹಳೆಯ ರಬ್ಬರು ಎತ್ತಿ, ಅದರೊಳಗೆ ಕಿರುಬೆರಳು ತೂರಿಸಿ, ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸಿದರು. ಅಂಚಿನ ಮಡಿಕೆಯ ಹತ್ತಿರ ಬೆರಳು ನಿಂತಿತು. ಬೆರಳನ್ನು ಹೊರಗೆಳೆದು ಮೂಸಿದರು.

"ಬಿರುಕು ಬಿಟ್ಟಿದೆ. ಹಳಸಿದೆ," ಎಂದರು. ಮತ್ತೆ ಕೇಳಿದರು, "ಇದು ನಾನು ಮಾಡಿದ್ದಾ?"

"ಹೌದು, ಮಾವ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಒಂದು ಸಿಹಿ ಮಾತು ಸೇರಿಸುತ್ತಿದ್ದರು. ಅವಳು ಸೇರಿಸಲಿಲ್ಲ, ಅವರೂ ಬಯಸಲಿಲ್ಲ. ಮಾವ ತಲೆ ಆಡಿಸಿ, ಈ ಬಟ್ಟಲಿನಿಂದ ಹಾಲು ಮುಂದೆ ಎಲ್ಲಿಗೆ ಹೋಗುತ್ತದೆ ತೋರಿಸು ಎಂದರು. ಎರಡು ವರ್ಷದಲ್ಲಿ ಅವರು ಯಂತ್ರದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವಳು ತೋರಿಸಿದಳು: ಬಟ್ಟಲಿನ ಕೆಳಗೆ ಗಿಡ್ಡ ಪೈಪು, ಅಲ್ಲೊಂದು ತಿರುವು, ತಿರುವಿನಲ್ಲಿ ರಬ್ಬರಿನ ಉಂಗುರ, ಆಮೇಲೆ ಬಾಗಿಲಿನಂತೆ ತೆರೆದು ಮುಚ್ಚುವ ಸಣ್ಣ ಕವಾಟ, ಮತ್ತೊಂದು ಉಂಗುರ, ಆಮೇಲೆ ಹಾಲು ಕೂಡುವ ಸ್ಟೀಲಿನ ಕೊಡ. ಮೊದಲ ತಿರುವನ್ನು ಬಿಚ್ಚಿಸಿ ಮಾವ ಬೆರಳು ತೂರಿಸಿದರು.

"ಇಲ್ಲಿ ಜಾರತ್ತೆ."

ಅವಳು ಟಾರ್ಚು ಬಿಟ್ಟು ನೋಡಿದಳು. ಏನೂ ಇಲ್ಲ. ತನ್ನ ಬೆರಳಿಟ್ಟು ನೋಡಿದಳು. ಜಾರಿದಂತೆಯೂ ಇಲ್ಲ, ಜಾರದಂತೆಯೂ ಇಲ್ಲ, ಬೆರಳಿಗೆ ಯಾವ ಸುದ್ದಿಯೂ ಇಲ್ಲ. ಮೂರು ಸಲ ಸುಡುನೀರು ಹರಿದ ಜಾಗ. ಪರದೆಯನ್ನು ನಂಬಬೇಕು, ಇಲ್ಲವೇ ಹಾಲನ್ನು ಕೆಡಿಸಿದ ಆ ಬೆರಳನ್ನೇ ನಂಬಬೇಕು. ಅವಳು ಉಂಗುರವನ್ನು ಕಿತ್ತು, ಬಿಳಿಯ ಕಾಗದದ ಮೇಲಿಟ್ಟು, ಅಂಗೈಯಿಂದ ಗಟ್ಟಿಯಾಗಿ ಒತ್ತಿದಳು. ಕಾಗದದ ಮೇಲೆ ಎಣ್ಣೆಯ ದುಂಡನೆಯ ಗುರುತು ಮೂಡಿತು.

"ಎಲ್ಲಾ ಬಿಚ್ಚೋಣ," ಎಂದಳು. ಮಾವ ಆಗಲೇ ಬಕೆಟ್ಟು ಕವುಚಿ ಹಾಕಿಕೊಳ್ಳುತ್ತಿದ್ದರು.

ಬಟ್ಟಲಿನಿಂದ ತೊಟ್ಟಿಯವರೆಗೆ ಮೂವತ್ತೊಂದು ಕೂಡುಗಳಿದ್ದವು. ಎರಡು ದಿನ ಅವರಿಬ್ಬರೂ ಅವುಗಳ ಜೊತೆ ಗುದ್ದಾಡಿದರು. ಯಂತ್ರವನ್ನು ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿರಲಿಲ್ಲ, ಹಸುಗಳ ಕೆಚ್ಚಲು ಬಿಗಿಯುತ್ತದೆ. ಒಂದು ಗಂಟೆ ಬಿಚ್ಚಿ ತಿಕ್ಕುವುದು, ಜೋಡಿಸುವುದು, ಹಸುಗಳಿಗೆ ಬಿಡುವುದು, ಮತ್ತೆ ಬಿಚ್ಚುವುದು. ಗಂಡ ಬಿಸಿನೀರು ಹೊತ್ತು ಹೊತ್ತು ಸೊಂಟ ಹಿಡಿದುಕೊಂಡ, ಆದರೆ ಒಂದು ಸಲವೂ ಗೊಣಗಲಿಲ್ಲ. ಅಷ್ಟು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಸೊಸೆ ತಿಕ್ಕುತ್ತಿದ್ದಳು, ಮಾವ ಬೆರಳಿಟ್ಟು ನೋಡುತ್ತಿದ್ದರು. ಸರಿಯಾಗಿದ್ದರೆ ಎಡಕ್ಕೆ, ಇಲ್ಲದಿದ್ದರೆ ಮತ್ತೆ ಅವಳ ಮಡಿಲಿಗೆ. ಕರುಣೆ ದಾಕ್ಷಿಣ್ಯ ಯಾವುದೂ ಇಲ್ಲ. ಒಂದೇ ಉಂಗುರ ನಾಲ್ಕನೇ ಸಲ ಮಡಿಲಿಗೆ ಬಿದ್ದಾಗ ಅವಳು, ಮಾವ, ಇದು ಕೊಟ್ಟಿಗೆ, ಆಪರೇಷನ್ ಕೋಣೆಯಲ್ಲ ಎಂದಳು. ಮಾವ ಮುಂದಿನ ಉಂಗುರಕ್ಕೆ ಕೈ ಚಾಚಿದರು. ಅವಳು ಐದನೇ ಸಲ ತಿಕ್ಕಿದಳು.

ನಡುವೆ ಒಂದು ಸಲ ಒಂಟಿಕಿವಿ ಕಟಕಟೆಗೆ ಬಂದಾಗ ಮಾವ ಸೊಸೆಯ ಭುಜ ಮುಟ್ಟಿ ನೋಡು ಎಂದರು. ನೋಡಿದಳು. ತಣ್ಣನೆಯ ಬಟ್ಟಲು ತಾಗಿದ್ದೇ ಹಸು ಹೊಟ್ಟೆ ಎಳೆದುಕೊಂಡು ಹಿಂಗಾಲು ಎತ್ತಿತು. ಸಣ್ಣ ಅಲುಗಾಟ, ಅರ್ಧ ಕ್ಷಣದ್ದು, ಆದರೆ ನಿಜ. ಎರಡು ವರ್ಷದಿಂದ ಆ ಕಟಕಟೆಯ ಪಕ್ಕದಲ್ಲೇ ಇದ್ದು ಅವಳು ಯಂತ್ರವನ್ನು ನೋಡಿದ್ದಳು, ಹಸುವನ್ನು ನೋಡಿರಲಿಲ್ಲ. ನಾಚಿಕೆಯಾಯಿತು. ಆಫ್-ಆನ್‌ಗೆ ಫೋನು ಹಚ್ಚಿ ಬಟ್ಟಲು ಬೆಚ್ಚಗೆ ಮಾಡಲು ಏನಾದರೂ ಉಪಾಯವಿದೆಯೇ ಎಂದು ಜಬರಿಸಿದಳು. ಪ್ರತಿ ಹಸುವಿಗೂ ಮೊದಲು ಬಟ್ಟಲಿನೊಳಗೆ ಬಿಸಿನೀರು ಚಿಮ್ಮಿಸುವ ವ್ಯವಸ್ಥೆ ಯಂತ್ರದಲ್ಲೇ ಇದೆ, ಯಾರೂ ಕೇಳಲಿಲ್ಲ, ಅದಕ್ಕೆ ಹಾಕಿಕೊಡಲಿಲ್ಲ ಎಂದ ಆ ಮಹಾರಾಯ. ಹಾಕಿಸಿದಳು. ಮುಂದಿನ ಸಲ ಬಂದಾಗ ಒಂಟಿಕಿವಿ ಅಲುಗಲಿಲ್ಲ, ಹಿಂಡಿ ಮೆಲ್ಲುತ್ತಾ ನಿಂತಿತು. ಮಾವ ಮುಖ ಆಚೆ ತಿರುಗಿಸಿಕೊಂಡು ಟವೆಲಿನಿಂದ ಮೂಗು ಒರೆಸಿಕೊಂಡರು.

ಗುರುವಾರ ಬೆಳಗ್ಗೆ ಡೇರಿಯ ಪರೀಕ್ಷಕಿ ಐಸಿನ ಪೆಟ್ಟಿಗೆ ಹಿಡಿದು ಬಂದಳು. ನಗು ಬೀರಿದರೆ ಮಾದರಿ ಕೆಡುತ್ತದೆ ಎಂದು ನಂಬಿದವಳಂತೆ ಇರುತ್ತಿದ್ದ ಹೆಂಗಸು. ತೊಟ್ಟಿಯಿಂದ ಹಾಲು ತೆಗೆದು, ಬಾಟಲಿಗೆ ಚೀಟಿ ಅಂಟಿಸಿ, ಒಂದು ಫಾರಂ ಹೊರತೆಗೆದಳು. ಹಿಂದಿನ ಎರಡು ಸಲ ಕೆಟ್ಟದ್ದಕ್ಕೆ ಕಾರಣ ಏನು, ಏನು ಸರಿಪಡಿಸಿದಿರಿ, ಅದರಲ್ಲಿ ಬರೆಯಬೇಕಂತೆ. ಸೊಸೆ ಉತ್ತರವನ್ನು ಮೊದಲೇ ಕಟ್ಟಿಕೊಂಡಿದ್ದಳು. ರಬ್ಬರು ಹಳೆಯದಾಗಿ ಬಿರುಕು ಬಿಟ್ಟಿತ್ತು, ಬದಲಿಸಿದ್ದೇವೆ ಎಂದಳು. ಪರೀಕ್ಷಕಿ ಬರೆಯತೊಡಗಿದಳು.

"ಅದಲ್ಲ," ಎಂದರು ಮಾವ ಬಕೆಟ್ಟಿನ ಮೇಲೆ ಕೂತಲ್ಲಿಂದಲೇ. "ಅವಳು ನನ್ನ ಮುಖ ನೋಡಿ ಹಾಗೆ ಹೇಳ್ತಾಳೆ. ಬಟ್ಟಲಿಗೆ ದಿನಾ ಬೆಣ್ಣೆ ಹಚ್ಚಿದ್ದು ನಾನು. ಅವಳ ತೊಳೆಯೋದ್ರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅದನ್ನ ಬರ್ಕೊಳ್ಳಿ."

ಪರೀಕ್ಷಕಿ ಪೆನ್ನು ಎತ್ತಿ ಬೆಣ್ಣೆಯೇ ಎಂದು ಕೇಳಿದಳು. ಮಾವ, ಮನೆಯಲ್ಲೇ ಕಡೆದದ್ದು, ಒಳ್ಳೆಯ ಬೆಣ್ಣೆ ಎಂದು ಗಂಭೀರವಾಗಿ ಸೇರಿಸಿದರು. ಆ ಹೆಂಗಸಿನ ತುಟಿಯ ಕೊನೆ ಒಂದಿಷ್ಟು ಅಲುಗಿತು. ಬರೆದುಕೊಂಡಳು. ಆಮೇಲೆ ಕೊನೆಯ ಸಾಲು: ದಿನವೂ ಸ್ವಚ್ಛತೆ ಪರೀಕ್ಷಿಸುವ ಹೊಣೆ ಯಾರದು? ಎರಡು ವರ್ಷದಿಂದ ಡೇರಿಯ ಕಾಗದಗಳಲ್ಲೆಲ್ಲ ಅಲ್ಲಿ ಸೊಸೆಯ ಹೆಸರೇ ಇರುತ್ತಿತ್ತು. ಆ ಹೆಸರನ್ನು ನೋಡಿ ಅವಳು ಒಳಗೊಳಗೇ ಎಷ್ಟು ಹಿಗ್ಗುತ್ತಿದ್ದಳು ಎಂಬುದು ಗಂಡನಿಗೂ ಗೊತ್ತಿರಲಿಲ್ಲ. ಪರೀಕ್ಷಕಿ ಕೇಳುವ ಮೊದಲೇ ಅದನ್ನು ಬರೆಯಲು ಹೊರಟಿದ್ದಳು.

"ನನ್ನ ಹೆಸರು ಬೇಡ," ಎಂದಳು ಸೊಸೆ. "ತೊಳೆಯೋದು ನಾನು. ಪರೀಕ್ಷೆ ಮಾಡೋದು ಮಾವ."

ಸಹಿ ಹಾಕಲು ಪೆನ್ನು ಕೊಟ್ಟಾಗ ಮಾವ ಮೊದಲು ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಬಂದರು.

ಶುಕ್ರವಾರ ಮಧ್ಯಾಹ್ನ ಗಂಡ ಗೇಟಿನ ಹತ್ತಿರದಿಂದಲೇ ಕೂಗುತ್ತಾ ಓಡಿ ಬಂದ. ಬ್ಯಾಕ್ಟೀರಿಯಾ ಮಿತಿಯ ಹತ್ತನೇ ಒಂದು ಭಾಗ. ಯಂತ್ರ ಬಂದಾಗಿನಿಂದ ಇಷ್ಟು ಕಡಿಮೆ ಯಾವತ್ತೂ ಬಂದಿರಲಿಲ್ಲ. ಟ್ಯಾಂಕರು ಬರುತ್ತದೆ, ನಾಳೆಯೂ ಬರುತ್ತದೆ. ಸೊಸೆ ಹತ್ತು ದಿನದಿಂದ ತಡೆದಿಟ್ಟದ್ದೆಲ್ಲ ಕಣ್ಣಿನಿಂದ ಇಳಿಯಿತು, ಅದನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗದೆ ಯಂತ್ರದ ಕೋಣೆಗೆ ನಡೆದಳು.

ಮಾವ ಬಕೆಟ್ಟಿನ ಮೇಲೆ ಕೂತು, ಅಂದಿನ ಬಟ್ಟಲುಗಳನ್ನು ಬಿಚ್ಚಿಸಿಕೊಂಡು ಬೆರಳಾಡಿಸುತ್ತಿದ್ದರು. ಅವಳು ಫಲಿತಾಂಶ ಹೇಳಿದಳು. ಅವರು ತಲೆಯೆತ್ತದೆ ಕೇಳಿಸಿಕೊಂಡರು. ಹತ್ತನೇ ಒಂದು ಭಾಗ ಎಂಬುದನ್ನು ಮನಸ್ಸಿನಲ್ಲೇ ಅಳೆದು ನೋಡಿದರು. ಹುಬ್ಬು ಗಂಟಾಯಿತು.

"ಸೊನ್ನೆ ಯಾಕೆ ಬಂದಿಲ್ಲ?"

ಸೊನ್ನೆ ಬರುವುದಿಲ್ಲ, ಯಾರ ಹಾಲಿನಲ್ಲೂ ಬರುವುದಿಲ್ಲ, ಪ್ರಪಂಚದಲ್ಲೇ ಎಲ್ಲೂ ಬರುವುದಿಲ್ಲ ಎಂದು ಅವಳು ಅಳುತ್ತಾ ನಗುತ್ತಾ ವಿವರಿಸಿದಳು.

"ಯಾರು ಹೇಳಿದ್ದು?" ಎಂದರು ಮಾವ. ಕೈಯಲ್ಲಿದ್ದ ಬಟ್ಟಲನ್ನು ಅವಳ ಕಡೆ ಚಾಚಿದರು. "ತಗೋ, ಇದನ್ನ ಇನ್ನೊಂದು ಸಲ ತಿಕ್ಕು."